ತಳ್ಳುವವನನ್ನು ಕೇಳದೆ ತಂದ ಗಾಡಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಸಭಾಭವನದ ಮುಂಬಾಗಿಲಲ್ಲಿ ಗಾಜು, ಹೂಕುಂಡ, ಕೆಂಪು ನೆಲಹಾಸು ಎಲ್ಲ ಇದೆ. ನಾವು ನಿಂತಿರುವುದು ಹಿಂಬಾಗಿಲಲ್ಲಿ. ಇಲ್ಲಿರುವುದು ಕಸದ ಡಬ್ಬಗಳು, ಕಾಲು ಮುರಿದ ಕುರ್ಚಿಗಳ ರಾಶಿ, ಒಂದು ಹಳದಿ ಬಲ್ಬು, ಮತ್ತು ಬಾಗಿಲು ಪೂರ್ತಿ ತೆರೆಯದ ಒಂದು ಸಾಮಾನಿನ ಲಿಫ್ಟು. ಆರು ಗಂಟೆಯಾದರೆ ಈ ಲಿಫ್ಟು ಅಡುಗೆಮನೆಯವರ ಪಾಲು. ಆಮೇಲೆ ಈರುಳ್ಳಿ ಮೂಟೆಗಿರುವ ಮರ್ಯಾದೆ ಸಂಗೀತಕ್ಕಿಲ್ಲ. ಹಾಗಾಗಿ ಮಧ್ಯಾಹ್ನ ಹನ್ನೆರಡರ ಕಾರ್ಯಕ್ರಮಕ್ಕೆ ಬೆಳಿಗ್ಗೆ ಐದಕ್ಕೇ ಸಾಮಾನು ಮೇಲೇರಬೇಕು.

ವ್ಯಾನಿನವನು ಹದಿಮೂರು ಸಾಮಾನು ಇಳಿಸಿಕೊಟ್ಟು ಹೊರಟುಹೋಗಿದ್ದಾನೆ. ಅವುಗಳ ನಡುವೆ ಓಡಾಡುತ್ತಿರುವ ಐವತ್ತಾರರ ಕುಳ್ಳ ಮನುಷ್ಯರನ್ನು ಬ್ಯಾಂಡಿನವರು ಗಾಡಿಯಣ್ಣ ಎಂದು ಕರೆಯುತ್ತಾರೆ. ಸೊಂಟಕ್ಕೆ ಅಗಲವಾದ ಪಟ್ಟಿ, ಕಾಲಿಗೆ ಗಟ್ಟಿ ಬೂಟು, ಎಡ ಕಂಕುಳಲ್ಲಿ ಒಂದು ದಪ್ಪ ಹಲಗೆ. ಪೆಟ್ಟಿಗೆ ಮುಟ್ಟುವ ಮೊದಲು ಅವರು ಆ ಹಲಗೆಯನ್ನು ಲಿಫ್ಟಿನ ಹೊಸ್ತಿಲ ಮೇಲೆ ಹಾಸಿ, ಎರಡು ಸಲ ತುಳಿದು ನೋಡುತ್ತಾರೆ. ಲಿಫ್ಟಿನ ನೆಲಕ್ಕೂ ಕಟ್ಟಡದ ನೆಲಕ್ಕೂ ನಡುವೆ ಎರಡು ಬೆರಳಗಲದ ಸಂದು ಇದೆ. ನಾವೆಲ್ಲ ದಿನಾ ದಾಟುವ ಸಂದೇ ಅದು. ಬಗ್ಗಿ ನೋಡಿದವರು ಯಾರೂ ಇಲ್ಲ.

ಆಮೇಲೆ ಗಾಡಿಗೆ ಹೇರುವುದು. ಬಾಸ್ ಸ್ಪೀಕರಿನ ಪೆಟ್ಟಿಗೆ ಎಲ್ಲಕ್ಕಿಂತ ಕೆಳಗೆ, ಹಿಡಿಯ ಕಡೆಗೆ. ಅದರ ಪಕ್ಕಕ್ಕೆ ಧ್ವನಿ ಹೊಂದಿಸುವ ಮಿಕ್ಸರ್. ಮೇಲೆ ಕೀಬೋರ್ಡು, ಅಡ್ಡಡ್ಡ ಅಲ್ಲ, ಉದ್ದುದ್ದ. ತಂತಿಗಳ ಪೆಟ್ಟಿಗೆ ಎಲ್ಲಕ್ಕಿಂತ ಮೇಲೆ, ಯಾಕೆಂದರೆ ಮೇಲೆ ಹೋದೊಡನೆ ಮೊದಲು ಬೇಕಾಗುವುದು ಅದು. ಹೇರಿ ಮುಗಿಸಿ ಬಲಗೈಯಲ್ಲಿ ಗಾಡಿಯ ಹಿಡಿ ಹಿಡಿಯುತ್ತಾರೆ. ಎಡಗೈಯಲ್ಲಿ ಹಿಡಿಯುವುದಿಲ್ಲ, ಮುಂಗೈಯನ್ನು ಅದಕ್ಕೆ ಒತ್ತಿ ಮೈಭಾರ ಬಿಡುತ್ತಾರೆ. ಆ ಕೈಯಲ್ಲಿ ಕಿರುಬೆರಳೂ ಇಲ್ಲ, ಅದರ ಪಕ್ಕದ ಉಂಗುರ ಬೆರಳೂ ಇಲ್ಲ.

"ಹಲಗೆ ಇಲ್ದೆ ನಾನೀಗ ಯಾವ ಲಿಫ್ಟಿಗೂ ಕಾಲಿಡಲ್ಲ ಮೇಡಂ," ಎನ್ನುತ್ತಾರೆ ಲಿಫ್ಟು ಮೇಲೇರುವಾಗ. "ಮೊನ್ನೆ ಮಗಳ ಮನೆಗೆ ಖಾಲಿ ಕೈಲಿ ಹೋಗಿದ್ದೆ. ಅಲ್ಲೂ ಲಿಫ್ಟಿನ ಮುಂದೆ ನಿಂತ್ಕೊಂಡು ಹಲಗೆ ಎಲ್ಲಿ ಅಂತ ಕೈ ಹುಡುಕ್ತಿತ್ತು."

ಮೂರು ಸಲ ಮೇಲೆ ಕೆಳಗೆ ಆಗುವಷ್ಟರಲ್ಲಿ ಆರಕ್ಕೆ ಐದು ನಿಮಿಷ. ತರಕಾರಿಯವರು ಬಂದು ಸಾಲು ನಿಂತಿದ್ದಾರೆ. ಗಾಡಿಯಣ್ಣ ಹಲಗೆ ಎತ್ತಿಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಮಧ್ಯಾಹ್ನ ಕರಿಯ ಕೋಟು ತೊಟ್ಟ ಆರು ಮಂದಿ ಮುಂಬಾಗಿಲಿನಿಂದ ಬರುತ್ತಾರೆ, ನುಡಿಸುತ್ತಾರೆ, ಚಪ್ಪಾಳೆ ಬೀಳುತ್ತದೆ. ಕೊನೆಯಲ್ಲಿ ಬ್ಯಾಂಡಿನ ಯಜಮಾನರು ಮೈಕು ಹಿಡಿದು ಸಭಾಭವನದವರಿಗೆ, ದೀಪದವರಿಗೆ, ಹೂವಿನ ಅಲಂಕಾರದವರಿಗೆ, ಊಟದವರಿಗೆ ಧನ್ಯವಾದ ಹೇಳುತ್ತಾರೆ. ಗಾಡಿಯಣ್ಣನವರ ಹೆಸರು ಆ ಪಟ್ಟಿಯಲ್ಲಿ ಬರುವುದಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಬಂದಿಲ್ಲ.

ನಾನು ಯಾರಿಗೂ ಬೆರಳು ತೋರಿಸುವ ಸ್ಥಿತಿಯಲ್ಲಿಲ್ಲ. ಇದೇ ಬ್ಯಾಂಡಿನ ಬಗ್ಗೆ ನಾನು ಇದೇ ಪತ್ರಿಕೆಯಲ್ಲಿ ಎರಡು ಸಲ ಬರೆದಿದ್ದೇನೆ. ಮೊದಲ ಸಲದ್ದು ದೊಡ್ಡ ಲೇಖನ, ಜೊತೆಗೆ ಫೋಟೋ. ಫೋಟೋದ ಎಡ ಅಂಚಿನಲ್ಲಿ ಸ್ಪೀಕರನ್ನು ಆನಿಸಿ ಹಿಡಿದ ಒಂದು ಕೈ ಕಾಣುತ್ತದೆ. ಕೈಯ ಹಿಂದಿದ್ದ ಮನುಷ್ಯನನ್ನು ಜಾಗ ಸಾಲದೆಂದು ಕತ್ತರಿಸಿದ್ದೆವು. ಎರಡನೆಯ ಸಲ ಬರೆದದ್ದು ಸಣ್ಣ ವರದಿ. ಅದರ ಕಥೆಗೆ ಆಮೇಲೆ ಬರುತ್ತೇನೆ, ಬರದೆ ನನಗೆ ಗತಿಯಿಲ್ಲ.

ಗಾಡಿಯಣ್ಣ ಮೊದಲು ಮನೆ ಸಾಮಾನು ಸಾಗಿಸುವ ಕೆಲಸದಲ್ಲಿದ್ದರು. ಬೀರು, ಮಂಚ, ಫ್ರಿಜ್ಜು. ಯಾವ ಬಾಗಿಲಲ್ಲಿ ಯಾವುದನ್ನು ಹೇಗೆ ವಾಲಿಸಿದರೆ ದಾಟುತ್ತದೆ ಎಂಬ ವಿದ್ಯೆ ಅಲ್ಲಿ ಕಲಿತದ್ದು. ಒಮ್ಮೆ ಕೀಬೋರ್ಡ್ ನುಡಿಸುವವರೊಬ್ಬರ ಮನೆ ಬದಲಾಯಿಸಿಕೊಡಲು ಹೋದಾಗ, ಇವರು ವಾದ್ಯವನ್ನು ಎತ್ತಿದ ರೀತಿ ನೋಡಿಯೇ ಆತ ಬ್ಯಾಂಡಿಗೆ ಕರೆದರಂತೆ. ಆತನೇ ಬ್ಯಾಂಡಿನ ಯಜಮಾನರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಾರೆ. ಬಂದ ಮೊದಲ ದಿನ ಗಾಡಿಯೂ ಇರಲಿಲ್ಲ, ಅಣ್ಣ ಎನ್ನುವವರೂ ಇರಲಿಲ್ಲ. ಬೆನ್ನಿದ್ದದ್ದು ಒಂದೇ.

ಲೆಕ್ಕ ಬೇಕಾದವರಿಗೆ ಲೆಕ್ಕ ಕೊಡುತ್ತೇನೆ. ಬಾಸ್ ಪೆಟ್ಟಿಗೆ ಅರವತ್ತೆರಡು ಕಿಲೋ. ಉಳಿದ ಎರಡು ಸ್ಪೀಕರು ತಲಾ ಇಪ್ಪತ್ತನಾಲ್ಕು. ಡ್ರಮ್ಮುಗಳು ನಾಲ್ಕು ಚೀಲದಲ್ಲಿ ಐವತ್ತೆರಡು. ತಂತಿ ಪೆಟ್ಟಿಗೆ, ಮಿಕ್ಸರ್, ಮೈಕು ನಿಲ್ಲಿಸುವ ಕಂಬಿಗಳು ಎಲ್ಲ ಸೇರಿ ಹದಿಮೂರು ಸಾಮಾನಿಗೆ ಮುನ್ನೂರ ಮೂವತ್ತೆರಡು ಕಿಲೋ. ವ್ಯಾನಿಗೆ ಹತ್ತಿಸಿ, ಇಳಿಸಿ, ಗಾಡಿಗೆ ಹೇರಿ, ವೇದಿಕೆಗೆ ಇಳಿಸಿ, ಮತ್ತೆ ಅಷ್ಟೂ ಹಿಂದಕ್ಕೆ ಅಂದರೆ ಒಂದೊಂದು ಸಾಮಾನನ್ನೂ ಒಂದು ಕಾರ್ಯಕ್ರಮಕ್ಕೆ ಎಂಟು ಸಲ ಎತ್ತಬೇಕು. ದಿನಕ್ಕೆ ಎರಡೂವರೆ ಟನ್ನಿಗೂ ಹೆಚ್ಚಾಯಿತು. ವರ್ಷಕ್ಕೆ ನೂರಹತ್ತು ಕಾರ್ಯಕ್ರಮ. ಬ್ಯಾಂಡು ಹೋಗುವ ಸಭಾಂಗಣಗಳು ನಲವತ್ತೊಂದು, ಅವುಗಳಲ್ಲಿ ಲಿಫ್ಟಿರುವುದು ಒಂಬತ್ತರಲ್ಲಿ. ಗಾಡಿಯಣ್ಣನನ್ನು ಲಿಫ್ಟಿನೊಳಗೆ ಬಿಡುವುದು ನಾಲ್ಕರಲ್ಲಿ.

ಮೊದಲಿನ ಗಾಡಿಯನ್ನು ಅವರೇ ಕಟ್ಟಿದ್ದು. ಅವರ ಹೆಂಡತಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ದೊಡ್ಡ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಮೂಲೆಗೆಸೆದ ಬಟ್ಟೆಗಾಡಿಯ ನಾಲ್ಕು ದೊಡ್ಡ ರಬ್ಬರ್ ಚಕ್ರಗಳನ್ನು ಆಕೆ ಕೇಳಿ ತಂದುಕೊಟ್ಟರು. ಬಾವಮೈದುನ ಕಬ್ಬಿಣದ ಚೌಕಟ್ಟು ಬೆಸೆದುಕೊಟ್ಟ. ಮೇಲಿನ ಹಾಸು ಯಾರದೋ ಮನೆಯ ಹಳೆಯ ಬಾಗಿಲು. ಆ ಗಾಡಿ ಹತ್ತೊಂಬತ್ತು ವರ್ಷ ಓಡಿತು. ನೋಡಲು ಚೆಂದವಿರಲಿಲ್ಲ, ಕೀಚ್ ಎನ್ನುತ್ತಿತ್ತು. ಒಂದು ಹೋಟೆಲಿನ ವ್ಯವಸ್ಥಾಪಕರು ಆ ಸದ್ದಿಗೂ ಆ ರೂಪಕ್ಕೂ ಮುಖ ಸಿಂಡರಿಸಿದ ಮೇಲೆ ಮೇಷ್ಟ್ರಿಗೆ ಅದನ್ನು ಕಂಡರೆ ನಾಚಿಕೆಯಾಗತೊಡಗಿತು. ಅಷ್ಟರಲ್ಲಿ ಬೆಸುಗೆಯೂ ಮೂರನೆಯ ಸಲ ಬಿಟ್ಟಿತು. ಹೊಸ ಗಾಡಿ ತರೋಣ ಎಂಬ ಮಾತು ಬಂತು.

ಈ ಬ್ಯಾಂಡಿಗೊಂದು ಪದ್ಧತಿಯಿದೆ. ವರ್ಷಕ್ಕೆ ಒಂದೇ ಒಂದು ಹೊಸ ವಸ್ತು. ಯಾವುದೆಂದು ವರ್ಷದ ಮೊದಲ ಭಾನುವಾರ ಅಭ್ಯಾಸದ ಕೋಣೆಯಲ್ಲಿ ಕೈ ಎತ್ತಿ ತೀರ್ಮಾನಿಸುತ್ತಾರೆ. ಆರು ಜನ, ಆರು ಕೈ. ಮೇಷ್ಟ್ರದ್ದೂ ಒಂದೇ ಕೈ. ಇದನ್ನು ನನ್ನ ಮೊದಲ ಲೇಖನದಲ್ಲಿ ನಾನು ಬಾಯ್ತುಂಬ ಹೊಗಳಿದ್ದೆ. ಎಷ್ಟು ಸಮಾನತೆ, ಎಷ್ಟು ಸೌಹಾರ್ದ ಎಂದೆಲ್ಲ ಬರೆದಿದ್ದೆ. ಏಳನೆಯವರೊಬ್ಬರು ಅದೇ ಕೋಣೆಯಲ್ಲಿ ಕುರ್ಚಿ ಹಾಕಿಕೊಟ್ಟು ಬಾಗಿಲ ಬಳಿ ನಿಂತಿರುತ್ತಾರೆಂಬುದು ಆಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕಳೆದ ವರ್ಷದ ಆ ಭಾನುವಾರಕ್ಕೆ ಮುಂಚೆ ಗಾಡಿಯಣ್ಣ ತಾವಾಗಿಯೇ ಗಾಡಿ ಹುಡುಕಲು ಹೊರಟರು. ಹೆಣ್ಣು ನೋಡಲೂ ಅಷ್ಟು ಓಡಾಡಿರಲಿಲ್ಲ ಎಂದು ಅವರ ಹೆಂಡತಿಯೇ ನಗುತ್ತಾರೆ. ಎರಡು ರಜೆ, ಏಳು ಅಂಗಡಿ. ಕೈಯಲ್ಲೊಂದು ಪೊರಕೆ ಕೋಲಿನ ತುಂಡು. ನಲವತ್ತೊಂದು ಸಭಾಂಗಣಗಳಲ್ಲಿ ಎಲ್ಲಕ್ಕಿಂತ ಇಕ್ಕಟ್ಟಾದ ಬಾಗಿಲು ಎಷ್ಟಗಲವೋ ಆ ಕೋಲು ಅಷ್ಟೇ ಉದ್ದ. ಗಾಡಿಯ ಮೇಲೆ ಕೋಲನ್ನು ಅಡ್ಡ ಇಟ್ಟಾಗ ಎರಡೂ ಬದಿಗೆ ಒಂದೊಂದು ಬೆರಳು ಹೆಚ್ಚಿಗೆ ಚಾಚಬೇಕು. ಚಾಚದಿದ್ದರೆ ಆ ಗಾಡಿ ಬೇಡ. ಇನ್ನು ಭಾರ ಹೊರುತ್ತದೋ ಇಲ್ಲವೋ ನೋಡಬೇಕಲ್ಲ. ಅದಕ್ಕೆ ಹೆಂಡತಿಯನ್ನು ಕರೆದೊಯ್ದಿದ್ದರು.

"ನಮ್ಮನೆಯವಳ ತೂಕ ಅರವತ್ತೆರಡು, ಬಾಸ್ ಪೆಟ್ಟಿಗೆನೂ ಅರವತ್ತೆರಡು," ಎನ್ನುತ್ತಾರೆ. "ಅಂಗಡಿಯೋರು ಮರಳು ಮೂಟೆ ಹಾಕಿ ತೋರಿಸ್ತೀವಿ ಅಂದ್ರು. ಮೂಟೆ ಅಲ್ಲಾಡಿದ್ರೆ ಹೇಳಲ್ವಲ್ಲ. ಇವಳು ಹೇಳ್ತಾಳೆ."

ಆಕೆ ಏಳು ಅಂಗಡಿಯಲ್ಲೂ ಗಾಡಿಯ ಮೇಲೆ ಕಾಲು ಮಡಚಿ ಕೂತರು. ಗಾಡಿಯಣ್ಣ ಅಂಗಡಿಯ ಹೊಸ್ತಿಲ ಮೇಲೆ ಹತ್ತಿಸಿ ಇಳಿಸಿದರು. ನೋಡಿದವರೆಲ್ಲ ನಕ್ಕರು. ಆರು ಗಾಡಿಗಳ ಮೇಲೆ ಆಕೆ ಹೊಸ್ತಿಲಲ್ಲಿ ಕುಕ್ಕರಿಸಿ ಬಿದ್ದಂತಾಗಿ "ಅಯ್ಯೋ" ಎಂದರು. ಏಳನೆಯದರಲ್ಲಿ ಬಾಯಿ ಬಿಡಲಿಲ್ಲ. ಕಬ್ಬಿಣದ್ದು, ಹಸಿರು ಬಣ್ಣದ್ದು, ಒಂದು ಗೇಣಿನ ಚಕ್ರಗಳು, ಕೈತುಂಬ ಸಿಗುವ ದಪ್ಪ ಹಿಡಿ, ಹಿಡಿಯಲ್ಲೇ ಬ್ರೇಕು. ಅದು ಮಡಚುವುದಿಲ್ಲ, ಹೊಳೆಯುವುದೂ ಇಲ್ಲ. ಗಾಡಿಯಣ್ಣ ಅಂಗಡಿಯವರಿಗೆ ಇದನ್ನು ಎರಡು ವಾರ ಯಾರಿಗೂ ಕೊಡಬೇಡಿ ಎಂದು ಹೇಳಿ ಬಂದರು.

ಭಾನುವಾರ ಮೇಷ್ಟ್ರು ಫೋನಿನಲ್ಲಿ ಬೇರೊಂದು ಗಾಡಿಯ ಚಿತ್ರ ತೋರಿಸಿದರು. ಬೆಳ್ಳಿ ಬಣ್ಣ, ಹಗುರ, ಮಡಚಿದರೆ ಕಾರಿನ ಡಿಕ್ಕಿಯಲ್ಲಿ ಕೂರುತ್ತದೆ, ಬೇಕಾದಾಗ ಉದ್ದ ಮಾಡಬಹುದು. ಚಿತ್ರದಲ್ಲಿ ಒಬ್ಬಳು ತೆಳ್ಳನೆಯ ಹುಡುಗಿ ನಗುತ್ತ ಅದನ್ನು ಒಂದೇ ಕೈಯಲ್ಲಿ ತಳ್ಳುತ್ತಿದ್ದಳಂತೆ. ಗಾಡಿಯಣ್ಣ ಬಾಗಿಲ ಬಳಿಯಿಂದಲೇ, ಚಕ್ರ ಚಿಕ್ಕದಾಯಿತು, ಲಿಫ್ಟಿನ ಸಂದಿಗೆ ಇಳಿಯುತ್ತದೆ ಎಂದರು. ಎರಡು ಸಲ ಹೇಳಿದರು. ಗಿಟಾರಿನವರೊಬ್ಬರು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಆರು ಕೈ ಮೇಲೆದ್ದವು. ನೆಲ ನಿಜವಾಗಿಯೂ ಡೊಂಕಿದೆ, ಅದನ್ನು ಇಷ್ಟೂ ವರ್ಷ ಕಾಲಲ್ಲಿ ಅಳೆದವನೊಬ್ಬ ಹೇಳುತ್ತಿದ್ದಾನೆ ಎಂದು ಆ ಆರರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ.

ಬೆಳ್ಳಿ ಬಣ್ಣದ ಹೊಸ ಗಾಡಿ ಬಂದ ಮೇಲಿನ ನಾಲ್ಕನೆಯ ಕಾರ್ಯಕ್ರಮ. ನಾನು ಬೆಳಗಿನ ಜಾವ ನಿಂತು ನೋಡಿದ ಇದೇ ಸಭಾಭವನ, ಇದೇ ಲಿಫ್ಟು. ಮುಂದಿನ ಪುಟ್ಟ ಚಕ್ರ ಗಿರ್ರನೆ ಅಡ್ಡ ತಿರುಗಿ ಸಂದಿಗೆ ಇಳಿಯಿತು. ಗಾಡಿ ನಿಂತಿತು, ಮೇಲಿದ್ದ ಭಾರ ನಿಲ್ಲಲಿಲ್ಲ. ಕೀಬೋರ್ಡು ಮುಂದಕ್ಕೆ ಜಾರಿತು. ಯಾರಾದರೂ ಹಿಂದಕ್ಕೆ ಹಾರುವ ಹೊತ್ತು. ಗಾಡಿಯಣ್ಣ ಮುಂದಕ್ಕೆ ನುಗ್ಗಿ ಬಲಗೈಯಲ್ಲಿ ಕೀಬೋರ್ಡನ್ನು ಎದೆಗೆ ಅವಚಿಕೊಂಡರು. ಎಡಗೈ ಲಿಫ್ಟಿನ ಬಾಗಿಲ ಚೌಕಟ್ಟಿನ ಮೇಲಿತ್ತು. ಅರವತ್ತೆರಡು ಕಿಲೋ ಬಂದು ಆ ಕೈಯ ಮೇಲೆ ನಿಂತಿತು.

ಯಾಕೆ ಹಿಂದೆ ಸರಿಯಲಿಲ್ಲ ಎಂದು ಕೇಳಿದೆ. ಕೇಳಬಾರದ ಪ್ರಶ್ನೆ ಎಂದು ಕೇಳಿದ ಮೇಲೆ ಗೊತ್ತಾಯಿತು.

"ಇಪ್ಪತ್ತೆರಡು ವರ್ಷದಲ್ಲಿ ನಾನೊಂದು ಸಾಮಾನು ಬೀಳಿಸಿಲ್ಲ ಮೇಡಂ. ಬೀಳ್ತಿದೆ ಅಂದ್ರೆ ಕೈ ತಾನಾಗೇ ಹೋಗುತ್ತೆ. ಕೈಗೆ ಹೋಗ್ಬೇಡ ಅಂತ ಹೇಳೋ ಅಷ್ಟು ಟೈಮ್ ಎಲ್ಲಿತ್ತು?"

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವರು ಹೆಂಡತಿಯನ್ನು ಮೊದಲು ಕೇಳಿದ್ದು ಕೀಬೋರ್ಡಿನ ದೀಪ ಹತ್ತಿತಾ ಎಂದು. ಹತ್ತಿತ್ತು. ಅದರ ಮೈಗೆ ಒಂದು ಗೀರೂ ಬಿದ್ದಿರಲಿಲ್ಲ. ಬೆರಳುಗಳನ್ನು ಉಳಿಸಲು ವೈದ್ಯರು ಎರಡು ದಿನ ನೋಡಿದರು, ಮೂರನೆಯ ದಿನ ತೆಗೆದರು. ಬ್ಯಾಂಡಿನವರಲ್ಲಿ ಡ್ರಮ್ ನುಡಿಸುವವರು ಬಂದು ರಾತ್ರಿ ಜೊತೆಗಿದ್ದರು. ಹಾಡುವ ಅಕ್ಕ ಹಣ್ಣು ಕಳಿಸಿದರು. ಮೇಷ್ಟ್ರು ಬಂದು ಹತ್ತು ನಿಮಿಷ ಕೂತು, ಇನ್ನು ಮೇಲೆ ಹುಷಾರಾಗಿರಯ್ಯ ಎಂದು ಬುದ್ಧಿ ಹೇಳಿ ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ತಪ್ಪಿದ್ದದ್ದು ಚಕ್ರದಲ್ಲಿ, ಬುದ್ಧಿವಾದ ಕೇಳಿಸಿಕೊಂಡದ್ದು ಮಂಚದ ಮೇಲಿದ್ದವರು.

ಮೇಷ್ಟ್ರು ಕೆಟ್ಟವರಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಕೆಟ್ಟವರಾಗಿದ್ದರೆ ಬರೆಯುವುದು ಸುಲಭವಿತ್ತು. ಮೃದು ಮಾತಿನ, ಬಿಳಿಗೂದಲಿನ, ಕಿವಿ ಚುರುಕಾದ ಮನುಷ್ಯ. ಗಾಡಿಯಣ್ಣ ಮನೆಯಲ್ಲಿದ್ದ ಮೂರು ತಿಂಗಳಲ್ಲಿ ಬದಲಿಗೆ ಬಂದವರು ಎರಡು ಕಂಬಿ ಮುರಿದು, ಒಂದು ಡ್ರಮ್ಮಿನ ಚರ್ಮ ಹರಿದು ಹೋದರಂತೆ. ಕೊನೆಗೆ ಮೇಷ್ಟ್ರೇ ಇವರ ಮನೆಗೆ ಬಂದು, ನೀನಿಲ್ಲದೆ ಆಗಲ್ಲ ಕಣಯ್ಯ ಎಂದು ಕರೆದರು. "ಅವನು ನಮ್ಮ ಮನೆಯವನಿದ್ದ ಹಾಗೆ," ಎಂದು ನನಗೂ ಹೇಳಿದರು. ಮನೆಯವನಾದರೆ ಮನೆಯ ಮಾತುಕತೆಗೆ ಕೂರಿಸಿಕೊಳ್ಳಬೇಕಿತ್ತಲ್ಲ ಎಂದು ನಾನು ಬಾಯಿಯವರೆಗೂ ತಂದುಕೊಂಡು ನುಂಗಿದೆ. ಚಕ್ರ ಸಂದಿಗೆ ಇಳಿದ ಆ ದಿನದ ಬಗ್ಗೆ ಏನು ನೆನಪಿದೆ ಎಂದು ಕೇಳಿದೆ.

"ಕಾರ್ಯಕ್ರಮ ಅರ್ಧ ಗಂಟೆ ತಡ ಆಯ್ತು," ಎಂದರು. "ಇಷ್ಟು ವರ್ಷದಲ್ಲಿ ಅದೊಂದೇ ಸಲ."

ಗಾಡಿಯಣ್ಣನವರ ಮನೆ ಒಂದೂವರೆ ಕೋಣೆಯದು. ಅರ್ಧ ಕೋಣೆಯಲ್ಲಿ ಒಲೆ, ಒಂದು ಕೋಣೆಯಲ್ಲಿ ಉಳಿದದ್ದೆಲ್ಲ. ಮಂಚದ ಕೆಳಗೆ ಹಳೆಯ ಗಾಡಿಯ ನಾಲ್ಕು ಚಕ್ರಗಳನ್ನು ಬಟ್ಟೆ ಸುತ್ತಿ ಇಟ್ಟಿದ್ದಾರೆ. ಹೆಂಡತಿ ಆಗಷ್ಟೇ ಲಾಂಡ್ರಿಯಿಂದ ಬಂದಿದ್ದಾರೆ, ಮುಂಗೈ ಮೇಲೆ ಇಸ್ತ್ರಿಪೆಟ್ಟಿಗೆಯ ಹಳೆಯ ಸುಟ್ಟ ಗುರುತು. ದಿನಕ್ಕೆ ಮುನ್ನೂರು ಹಾಸಿಗೆ ಬಟ್ಟೆ ಮಡಚುವ ಕೈ ಅದು. ಗಂಡ ಬೆಳಿಗ್ಗೆ ಅಂಗಿ ಗುಂಡಿ ಹಾಕಿಕೊಳ್ಳಲು ಒದ್ದಾಡುವಾಗ ಆಕೆ ನೋಡದವರ ಹಾಗೆ ಆಚೆ ತಿರುಗಿಕೊಂಡಿರುತ್ತಾರಂತೆ. ಹಾಕಿಕೊಡಲು ಹೋದರೆ ಅವರಿಗೆ ಸಿಟ್ಟು ಬರುತ್ತದೆ.

ಆಸ್ಪತ್ರೆಯ ಕಾಗದ ತೋರಿಸುತ್ತೇನೆಂದು ಆಕೆ ಒಂದು ಪ್ಲಾಸ್ಟಿಕ್ ಚೀಲ ತಂದರು. ಎಕ್ಸ್‌ರೇ, ಚೀಟಿಗಳು. ಕಳೆದ ತಿಂಗಳು ವೈದ್ಯರು ಬರೆದುಕೊಟ್ಟ ಹೊಸ ಕಾಗದವೂ ಇತ್ತು. ಮುಂಗೈಯ ನರ ಬಿಗಿಯುತ್ತಿದೆ, ತೆಳ್ಳಗಿನ ಹಿಡಿಯ ಮೇಲೆ ಹೀಗೇ ಒತ್ತಿ ತಳ್ಳಿದರೆ ಇನ್ನೊಂದು ವರ್ಷದಲ್ಲಿ ಉಳಿದ ಮೂರು ಬೆರಳಿಗೂ ಬಲವಿರುವುದಿಲ್ಲ, ದಪ್ಪ ಹಿಡಿ ಮತ್ತು ಬ್ರೇಕಿರುವ ಗಾಡಿಯಾದರೆ ಕೆಲಸ ಮಾಡಬಹುದು ಎಂದು ಬಾಯಲ್ಲೂ ಹೇಳಿದ್ದಾರೆ. ಈ ವಯಸ್ಸಿಗೆ, ಈ ಕೈಗೆ, ಇನ್ನೊಂದು ಕೆಲಸ ಯಾರೂ ಎತ್ತಿಟ್ಟುಕೊಂಡು ಕೂತಿಲ್ಲ. ಹಸಿರು ಗಾಡಿ ಇನ್ನೂ ಅದೇ ಅಂಗಡಿಯ ಮೂಲೆಯಲ್ಲಿದೆ. ಹೊಳೆಯುವುದಿಲ್ಲವಲ್ಲ, ಯಾರಿಗೂ ಬೇಕಾಗಿಲ್ಲ. ಬರುವ ಭಾನುವಾರ ಬ್ಯಾಂಡಿನವರು ಮತ್ತೆ ಕೈ ಎತ್ತುತ್ತಾರೆ.

ಚೀಲದ ತಳದಲ್ಲಿ ಮಡಚಿಟ್ಟ ಒಂದು ಪತ್ರಿಕೆಯ ತುಂಡಿತ್ತು. ಆಕೆ ಅದನ್ನು ಬಿಡಿಸಿ ನನ್ನ ಮುಂದೆ ಹಿಡಿದರು.

"ಇದ್ರಲ್ಲಿ ಇವ್ರ ವಿಷಯ ಬಂದಿದೆ, ಓದಿ ಮೇಡಂ."

ನನ್ನ ಎರಡನೆಯ ವರದಿ. ಕಾರ್ಯಕ್ರಮ ಮನಸೂರೆಗೊಂಡಿತು ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು: ತಾಂತ್ರಿಕ ಕಾರಣಗಳಿಂದ ಕಾರ್ಯಕ್ರಮ ಅರ್ಧ ಗಂಟೆ ತಡವಾಗಿ ಆರಂಭವಾಯಿತು. ಅದರ ಕೆಳಗೆ ನನ್ನ ಹೆಸರು. ಆ ದಿನ ನಾನು ಮೇಷ್ಟ್ರಿಗೆ ಫೋನು ಮಾಡಿ ಯಾಕೆ ತಡವಾಯಿತು ಎಂದು ಕೇಳಿದ್ದೆ, ಅವರು ಹೇಳಿದ ಎರಡು ಪದವನ್ನು ಹಾಗೇ ಬರೆದುಕೊಂಡಿದ್ದೆ. ಯಾವ ತಂತ್ರ, ಯಾವ ಕಾರಣ ಎಂದು ಕೇಳಲಿಲ್ಲ. ಸಭಾಭವನದ ಹಿಂಬಾಗಿಲಲ್ಲಿ ಆಗ ಯಾರೋ ನೆಲ ತೊಳೆಯುತ್ತಿದ್ದರು.

"ತಾಂತ್ರಿಕ ಕಾರಣ ಅಂದ್ರೆ ಇವ್ರೇ," ಎಂದರು ಆಕೆ. ಸಿಟ್ಟಿನಿಂದ ಹೇಳಲಿಲ್ಲ. "ನಾನು ಮನೇಲೂ ಹಾಗೇ ಕರೀತೀನಿ. ನಲ್ಲಿ ಕೆಟ್ರೆ, ಏನ್ರೀ ತಾಂತ್ರಿಕ ಕಾರಣ, ಬನ್ನಿ ಇಲ್ಲಿ ಅಂತೀನಿ."

ಗಂಡ ಹೆಂಡತಿ ಇಬ್ಬರೂ ನಕ್ಕರು. ನನಗೆ ನಗಲಾಗಲಿಲ್ಲ. ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದೇನೆ, ಈ ಎರಡು ಪದಗಳನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಅವುಗಳ ಹಿಂದೆ ಯಾರ್ಯಾರ ಕೈಕಾಲುಗಳಿದ್ದವೋ. ಕ್ಷಮೆ ಕೇಳಿದೆ. ಆಕೆ ಅಯ್ಯೋ ಬಿಡಿ ಎಂದು ಆ ತುಂಡನ್ನು ಅದೇ ಮಡಿಕೆಯಲ್ಲಿ ಮಡಚಿ ಒಳಗಿಟ್ಟರು. ಬಿಸಾಡಲಿಲ್ಲ.

ಭಾನುವಾರ ನಾನೂ ಅಭ್ಯಾಸದ ಕೋಣೆಗೆ ಹೋಗುತ್ತೇನೆ. ನೆಲಮಾಳಿಗೆಯ ಕೋಣೆ, ಗೋಡೆಗೆಲ್ಲ ದಪ್ಪ ಬಟ್ಟೆ. ಗಾಡಿಯಣ್ಣ ಏಳು ಕುರ್ಚಿ ಹಾಕುತ್ತಾರೆ. ಏಳನೆಯದು ನನಗೆ. ಅವರು ಬಾಗಿಲ ಬಳಿ ನಿಂತು ತಂತಿ ಸುತ್ತತೊಡಗುತ್ತಾರೆ. ತಂತಿಯನ್ನು ಎಡಗೈಯ ಹೆಬ್ಬೆರಳಿಗೂ ಎರಡು ಬೆರಳಿಗೂ ನಡುವೆ ಹಿಡಿದು, ಒಂದು ಸುತ್ತು ಒಳಗೆ ಒಂದು ಸುತ್ತು ಹೊರಗೆ, ಗಂಟು ಬೀಳದ ಹಾಗೆ. ಇವತ್ತು ಅಂಗಿಯನ್ನು ಹೆಂಡತಿಯೇ ಇಸ್ತ್ರಿ ಮಾಡಿರಬೇಕು, ಗೆರೆ ಎದ್ದು ಕಾಣುತ್ತಿದೆ.

ಈ ವರ್ಷ ಎರಡು ಸೂಚನೆಗಳಿವೆ. ಡ್ರಮ್ಮಿನವರು ಗಾಡಿಯ ವಿಷಯ ಎತ್ತುತ್ತಾರೆ, ಹಸಿರು ಗಾಡಿಯ ಬಗ್ಗೆ ಹೇಳುತ್ತಾರೆ, ವೈದ್ಯರ ಮಾತನ್ನೂ ಹೇಳುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಪಾಪ ಎನ್ನುತ್ತಾರೆ. ಆಮೇಲೆ ಗಿಟಾರಿನವರು ಹೊಗೆ ಯಂತ್ರದ ವಿಷಯ ಎತ್ತುತ್ತಾರೆ. ಹಾಡು ಏರುವಾಗ ವೇದಿಕೆಯ ಮೇಲೆ ಮೋಡದ ಹಾಗೆ ಬಿಳಿ ಹೊಗೆ ಬರುತ್ತದೆ, ಬೇರೆ ಬ್ಯಾಂಡುಗಳೆಲ್ಲ ತಂದಾಗಿದೆ, ನಾವು ಹಿಂದೆ ಬಿದ್ದಿದ್ದೇವೆ ಎನ್ನುತ್ತಾರೆ. ಮೇಷ್ಟ್ರು ಎರಡೂ ಕಡೆ ನ್ಯಾಯವಿದೆ ಎನ್ನುತ್ತಾರೆ. ಇರುವ ಗಾಡಿಯೇನೂ ಮುರಿದಿಲ್ಲವಲ್ಲ, ಹಲಗೆ ಹಾಸಿದರೆ ಓಡುತ್ತಿದೆಯಲ್ಲ ಎಂದು ಮೆಲ್ಲಗೆ ಸೇರಿಸುತ್ತಾರೆ.

ಗಾಡಿಗೆ ಯಾರು ಎಂದು ಕೇಳಿದಾಗ ಡ್ರಮ್ಮಿನವರ ಕೈ ನೆಟ್ಟಗೆ ಏಳುತ್ತದೆ. ಹಾಡುವ ಅಕ್ಕನ ಕೈ ಅರ್ಧ ಏಳುತ್ತದೆ, ಸುತ್ತ ನೋಡುತ್ತಾರೆ, ಅದೇ ಕೈಯಲ್ಲಿ ಕೂದಲು ಸರಿಮಾಡಿಕೊಂಡು ಇಳಿಸುತ್ತಾರೆ. ಬಾಗಿಲ ಬಳಿ ತಂತಿ ಸುತ್ತುವ ಕೈ ಒಂದು ಕ್ಷಣ ನಿಂತು ಮತ್ತೆ ಸುತ್ತತೊಡಗುತ್ತದೆ. ಹೊಗೆಗೆ ಯಾರು ಎಂದಾಗ ಐದು ಕೈ. ನಾನು ಸುಮ್ಮನೆ ಕೂತಿದ್ದೇನೆ. ನನಗೆ ಅಲ್ಲಿ ಮತವಿರಲಿಲ್ಲ ಎಂಬುದು ನಿಜ. ಬಾಯಿಯಂತೂ ಇತ್ತು.

ಸಭೆ ಮುಗಿದ ಮೇಲೆ ಗಾಡಿಯಣ್ಣ ಗಿಟಾರಿನವರ ಬಳಿ ಹೋಗಿ ಒಂದೇ ಒಂದು ಪ್ರಶ್ನೆ ಕೇಳುತ್ತಾರೆ. ಹೊಗೆ ಯಂತ್ರದ ತೂಕ ಎಷ್ಟು ಎಂದು. ಆತ ಫೋನು ನೋಡಿ ಹದಿನೆಂಟು ಕಿಲೋ ಎನ್ನುತ್ತಾರೆ. ಹದಿನಾಲ್ಕನೆಯ ಸಾಮಾನು. ಮುನ್ನೂರ ಐವತ್ತು ಕಿಲೋ ಆಯಿತು. ಅಗಲ ಎಷ್ಟು ಎಂದೂ ಕೇಳಬೇಕೆಂದಿದ್ದರಂತೆ, ಅಷ್ಟರಲ್ಲಿ ಆತ ಹೊರಟುಹೋದರು.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಕೆಸರಾದ ಕೈ ಒಬ್ಬರದು, ಮೊಸರಿನ ಬಾಯಿ ಇನ್ನೊಬ್ಬರದಾದರೆ ಏನೆನ್ನಬೇಕೆಂದು ಆ ಗಾದೆ ಕಟ್ಟಿದವರು ಹೇಳಿಲ್ಲ. ಮೇಲೆ ಬೀದಿಗೆ ಬಂದು ನಿಂತಾಗ ನನಗೆ ಮೈಯೆಲ್ಲ ಉರಿಯುತ್ತಿದೆ. ಗಾಡಿಯಣ್ಣ ಮಾತ್ರ ಬೆಳ್ಳಿ ಬಣ್ಣದ ಗಾಡಿಯನ್ನು ಪಾದಚಾರಿ ದಾರಿಯ ಅಂಚಿಗೆ ತಂದು, ಹಲಗೆ ಹಾಸಿ, ಚಕ್ರವನ್ನು ನೋಡಿಕೊಂಡು ಮೆಲ್ಲಗೆ ಕೆಳಗಿಳಿಸುತ್ತಿದ್ದಾರೆ.

"ಗಾಡಿ ಕೇಳಿದೆ, ಗಾಡಿ ಮೇಲಿಡೋ ಸಾಮಾನು ಕೊಟ್ರು," ಎನ್ನುತ್ತಾರೆ. ಅದನ್ನೂ ನಗುತ್ತಲೇ ಹೇಳುತ್ತಾರೆ.

ಮುಂದೇನು ಎಂದು ಕೇಳುತ್ತೇನೆ. ಮುಂದಿನ ವರ್ಷ ಮತ್ತೆ ಮೊದಲ ಭಾನುವಾರ ಬರುತ್ತದಲ್ಲ ಎನ್ನುತ್ತಾರೆ. ವೈದ್ಯರು ಆ ಮೂರು ಬೆರಳಿಗೆ ಕೊಟ್ಟಿರುವ ಗಡುವೂ ಅಲ್ಲಿಯವರೆಗೇ ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ಹೆಸರು ಹಾಕಿ ಬರೆಯಲೇ ಎಂದರೆ ಹೆಸರು ಬೇಡವೆನ್ನುತ್ತಾರೆ. ಧನ್ಯವಾದದ ಪಟ್ಟಿಯಲ್ಲಿ ಸೇರಿಸಲು ಮೇಷ್ಟ್ರಿಗೆ ಹೇಳಲೇ ಎಂದರೆ ಅದೂ ಬೇಡ. ಹಾಗಾದರೆ ಏನು ಬರೆಯಲಿ ಎಂದು ಕೇಳಿದಾಗ ಗಾಡಿ ನಿಲ್ಲಿಸುತ್ತಾರೆ.

"ಮುಂದಿನ ಸಲ ಕೈ ಎತ್ತೋವಾಗ ನನ್ನನ್ನೂ ಕೇಳ್ಲಿ ಅಂತ ಬರೀರಿ. ಬಲಗೈ ಗಾಡಿ ಮೇಲಿರುತ್ತೆ, ಬಿಡೋಕಾಗಲ್ಲ. ಇದನ್ನೇ ಎತ್ತಬೇಕು." ಎಡಗೈಯನ್ನು ಭುಜದ ಮೇಲಕ್ಕೆ ಎತ್ತಿ ತೋರಿಸುತ್ತಾರೆ. "ಬೆರಳು ಮೂರೇ ಇದೆ. ಆದ್ರೂ ಇದನ್ನ ಒಂದು ಕೈ ಅಂತ ಎಣಿಸ್ಬೇಕು."